ಇಂಜಿನ್ ಬದಲಾಯಿತು, ಇಸಿಯುಗೆ ಇನ್ನೂ ಗೊತ್ತಿಲ್ಲ: 1.3 ಲೀಟರ್ ಪೆಟ್ರೋಲ್ ಇಂಜಿನ್‌ಗೆ ಸ್ಟ್ಯಾಂಡ್‌ಅಲೋನ್ ಟ್ಯೂನಿಂಗ್

ಕ್ಯಾಮ್ (ವಾಲ್ವ್ ತೆರೆಯುವ ದಂಡ) ಬದಲಾಯಿಸಿ, ಹೆಡ್ ಪೋರ್ಟ್ ಮಾಡಿಸಿ (ಗಾಳಿಯ ದಾರಿ ಅಗಲಿಸಿ), ಹೆಡರ್ (ಎಕ್ಸಾಸ್ಟ್ ಪೈಪ್‌ಗಳ ಜೋಡಣೆ) ಹಾಕಿಸಿದ ಗಾಡಿ ಸ್ಟಾರ್ಟ್ ಆಗುತ್ತದೆ. ಆದರೆ ಐಡಲ್‌ನಲ್ಲಿ ಕುಣಿಯುತ್ತದೆ, 4000 ದಾಟಿ ಚೆನ್ನಾಗಿ ಎಳೆಯಬೇಕಾದ ಹೊತ್ತಿಗೆ ಉಸಿರುಗಟ್ಟಿದ ಹಾಗೆ ಆಡುತ್ತದೆ. ಕಂಪನಿ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ತನ್ನ ಹಳೆಯ ಇಂಜಿನ್‌ನ ಲೆಕ್ಕವನ್ನೇ ಇನ್ನೂ ಹಾಕುತ್ತಿರುವುದೇ ಇದಕ್ಕೆ ಕಾರಣ. ಯಾವ ಆರ್‌ಪಿಎಂನಲ್ಲಿ, ಎಷ್ಟು ಲೋಡ್‌ನಲ್ಲಿ, ಸಿಲಿಂಡರ್ ಎಷ್ಟು ಗಾಳಿ ಎಳೆಯುತ್ತದೆ ಎಂಬ ಕೋಷ್ಟಕ ಅದರೊಳಗಿದೆ. ಕ್ಯಾಮ್ ಬದಲಾದ ದಿನವೇ ಆ ಕೋಷ್ಟಕ ಸುಳ್ಳಾಯಿತು.

ಎಲ್ಲ ಬದಲಾವಣೆಗೂ ಟ್ಯೂನಿಂಗ್ ಬೇಕಿಲ್ಲ. ಏರ್ ಫಿಲ್ಟರ್ ಬದಲಿಸಿದ್ದಕ್ಕೆ, ಕ್ಯಾಟ್‌ನಿಂದ (ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಹಿಂದಿನ ಸೈಲೆನ್ಸರ್ ಬದಲಿಸಿದ್ದಕ್ಕೆ ಕಂಪನಿ ಇಸಿಯು ತಾನೇ ಹೊಂದಿಕೊಳ್ಳುತ್ತದೆ. ಅದಕ್ಕಾಗಿ ದುಡ್ಡು ಖರ್ಚು ಮಾಡಬೇಡಿ. ಕ್ಯಾಮ್, ಇಂಜೆಕ್ಟರ್, ಕಂಪ್ರೆಷನ್, ಥ್ರಾಟಲ್ ಬಾಡಿ, ಟರ್ಬೊ, ಈ ಐದರಲ್ಲಿ ಯಾವುದನ್ನು ಮುಟ್ಟಿದರೂ ಟ್ಯೂನಿಂಗ್ ತಪ್ಪಿದ್ದಲ್ಲ. ಇತ್ತೀಚಿನ ಟರ್ಬೊ ಪೆಟ್ರೋಲ್ ಕಾರಾದರೆ ಕಂಪನಿ ಇಸಿಯುವಿನ ಫೈಲನ್ನೇ ತಿದ್ದಿ ಮತ್ತೆ ಬರೆಯುವುದು ಸರಿಯಾದ ದಾರಿ. ಹಳೆಯ ಎಸ್ಟೀಮ್, ಜಿಪ್ಸಿ ತರಹದ ಗಾಡಿಗೆ ಆ ಸೌಲಭ್ಯ ಸುಲಭಕ್ಕೆ ಸಿಗುವುದಿಲ್ಲ. ಅಲ್ಲಿ ಮೆಗಾಸ್ಕ್ವರ್ಟ್, ಸ್ಪೀಡುಯಿನೋ ತರಹದ ಸ್ಟ್ಯಾಂಡ್‌ಅಲೋನ್ ಇಸಿಯು (ಕಂಪನಿಯದರ ಬದಲು ಕೂರುವ, ಪೂರ್ತಿ ತಿದ್ದಬಹುದಾದ ಇಸಿಯು) ಹಾಕಿ, ಟ್ಯೂನರ್‌ಸ್ಟುಡಿಯೋ ಎಂಬ ಲ್ಯಾಪ್‌ಟಾಪ್ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವುದೇ ಲೇಸು. ಸೆನ್ಸರ್ ಸಿಗ್ನಲ್ಲನ್ನು ನಡುವೆ ಹಿಡಿದು ತಿರುಚಿ ಇಸಿಯುಗೆ ಸುಳ್ಳು ಹೇಳುವ ಪಿಗ್ಗಿಬ್ಯಾಕ್ ಡಬ್ಬಿಯಿಂದ ಕ್ಯಾಮ್ ಬದಲಾದ ಇಂಜಿನ್ನನ್ನು ಸರಿಪಡಿಸಹೊರಟರೆ ಒಂದು ಕಡೆ ಮುಚ್ಚಿದ ತೂತು ಇನ್ನೊಂದು ಕಡೆ ತೆರೆದುಕೊಳ್ಳುತ್ತದೆ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಎಸ್ಟೀಮ್‌ನ 16 ವಾಲ್ವ್ ಜಿ13ಬಿಬಿ ಇಂಜಿನ್: 1298 ಸಿಸಿ, ಬೋರ್ 74 ಮಿ.ಮೀ., ಸ್ಟ್ರೋಕ್ 75.5 ಮಿ.ಮೀ. ಕಂಪನಿಯಿಂದ ಬಂದಾಗ 85 ಎಚ್‌ಪಿ. ಕ್ಯಾಮ್, ಹೆಡರ್, ಪೋರ್ಟಿಂಗ್ ಆದ ಮೇಲೆ 110 ಗುರಿ, ಟರ್ಬೊ ಇಲ್ಲ. ಕ್ರ್ಯಾಂಕ್ ಪುಲಿಗೆ 36-1 ಹಲ್ಲಿನ ಚಕ್ರ (36ರಲ್ಲಿ ಒಂದು ಹಲ್ಲು ಇಲ್ಲದ್ದು), ವೇಸ್ಟೆಡ್ ಸ್ಪಾರ್ಕ್ ಕಾಯಿಲ್ (ಎರಡು ಸಿಲಿಂಡರ್‌ಗೆ ಒಟ್ಟಿಗೇ ಕಿಡಿ ಕೊಡುವುದು), ಲೋಡ್ ಅಳೆಯಲು ಮ್ಯಾಪ್ ಸೆನ್ಸರ್ (ಇನ್‌ಟೇಕ್‌ನೊಳಗಿನ ಗಾಳಿಯ ಒತ್ತಡ ಓದುವುದು). ನಿಮ್ಮ ಇಂಜಿನ್ ಬೇರೆಯಾದರೆ ಅಂಕಿಗಳು ಬದಲಾಗುತ್ತವೆ, ಕೆಲಸದ ಕ್ರಮ ಬದಲಾಗುವುದಿಲ್ಲ.

ಲ್ಯಾಪ್‌ಟಾಪ್ ತೆರೆಯುವ ಮೊದಲು

ಕಂಪ್ರೆಷನ್ ಟೆಸ್ಟ್ ಮಾಡಿ. ನಾಲ್ಕು ಸಿಲಿಂಡರ್‌ಗಳ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಟ್ಯೂನಿಂಗ್ ನಿಲ್ಲಿಸಿ, ಹೆಡ್ ಕಡೆ ನೋಡಿ. ವಾಲ್ವ್ ಕ್ಲಿಯರೆನ್ಸ್, ಕ್ಯಾಮ್ ಟೈಮಿಂಗ್, ಹೊಸ ಪ್ಲಗ್, ಇನ್‌ಟೇಕ್ ಗ್ಯಾಸ್ಕೆಟ್‌ನಲ್ಲಿ ಗಾಳಿ ಸೋರಿಕೆ, ಎಲ್ಲ ನೋಡಿಕೊಳ್ಳಿ. ಎಕ್ಸಾಸ್ಟ್ ಸೋರಿಕೆಗೆ ಮಾತ್ರ ವಿಶೇಷ ಗಮನ ಬೇಕು. ಹೆಡರ್ ಫ್ಲೇಂಜ್‌ನ ಸಣ್ಣ ಸಂದಿಯಿಂದ ಒಳಗೆ ಎಳೆದುಕೊಂಡ ಗಾಳಿಯನ್ನು ವೈಡ್‌ಬ್ಯಾಂಡ್ ಸೆನ್ಸರ್ (ಹೊಗೆಯಲ್ಲಿನ ಆಮ್ಲಜನಕದಿಂದ ಗಾಳಿ-ಪೆಟ್ರೋಲ್ ಅನುಪಾತ ಅಳೆಯುವುದು) ‘ಇಂಜಿನ್ ಲೀನ್ ಇದೆ’ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಎಂದು ಓದುತ್ತದೆ. ನೀವು ಅದನ್ನು ನಂಬಿ ಪೆಟ್ರೋಲ್ ಸುರಿಯುತ್ತಾ ಹೋಗುತ್ತೀರಿ, ಪ್ಲಗ್ ಕಪ್ಪಾಗುತ್ತದೆ, ಗೇಜ್ ಮಾತ್ರ ಇನ್ನೂ ಲೀನ್ ಅನ್ನುತ್ತಿರುತ್ತದೆ.

ವೈಡ್‌ಬ್ಯಾಂಡ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಗಾಡಿಯ ಜೊತೆ ಬಂದ ನ್ಯಾರೋಬ್ಯಾಂಡ್ ಆಕ್ಸಿಜನ್ ಸೆನ್ಸರ್ 0.45 ವೋಲ್ಟ್ ಸುತ್ತ ಆಚೆ ಈಚೆ ಹಾರುತ್ತಾ ‘ರಿಚ್’ (ಪೆಟ್ರೋಲ್ ಹೆಚ್ಚು), ‘ಲೀನ್’ ಎಂದಷ್ಟೇ ಹೇಳುತ್ತದೆ, ಎಷ್ಟು ಎಂದು ಹೇಳುವುದಿಲ್ಲ. ಬಾಷ್ ಎಲ್‌ಎಸ್‌ಯು 4.9 ಸೆನ್ಸರ್ ಇರುವ ಕಂಟ್ರೋಲರ್ ಸಾಕು. ನಾಲ್ಕೂ ಪೈಪ್ ಕೂಡಿದ ಮೇಲೆ, ಕ್ಯಾಟ್‌ಗಿಂತ ಮೊದಲು ಬಂಗ್ (ಸೆನ್ಸರ್ ತಿರುಗಿಸಿ ಕೂರಿಸುವ ಬಳೆ) ವೆಲ್ಡ್ ಮಾಡಿಸಿ. ಪೈಪಿನ ಮೇಲ್ಭಾಗದಲ್ಲಿ, ಗಡಿಯಾರದ 10 ಮತ್ತು 2ರ ಮುಳ್ಳಿನ ನಡುವೆ ಸೆನ್ಸರ್ ಇರಲಿ. ಕೆಳಗೆ ಹಾಕಿದರೆ ಬೆಳಿಗ್ಗೆ ಪೈಪಿನಲ್ಲಿ ನಿಂತ ನೀರು ಬಿಸಿ ಸೆರಾಮಿಕ್‌ಗೆ ತಗಲಿ ಸೆನ್ಸರ್ ಒಡೆಯುತ್ತದೆ. ಪವರ್ ಕೊಡದೆ ಸೆನ್ಸರನ್ನು ಪೈಪಿನಲ್ಲಿ ಬಿಟ್ಟು ಗಾಡಿ ಓಡಿಸಿದರೂ ಅದು ಹಾಳಾಗುತ್ತದೆ. ಕಂಟ್ರೋಲರ್‌ನ ಸಿಗ್ನಲ್ ಅರ್ತ್ ಇಸಿಯುವಿನ ಸೆನ್ಸರ್ ಅರ್ತ್‌ಗೇ ಹೋಗಬೇಕು. 0ರಿಂದ 5 ವೋಲ್ಟ್‌ಗೆ 10ರಿಂದ 20 ಎಎಫ್‌ಆರ್ (ಗಾಳಿ-ಪೆಟ್ರೋಲ್ ಅನುಪಾತ) ಕೊಡುವ ಕಂಟ್ರೋಲರ್‌ನಲ್ಲಿ ಅರ್ತ್ ವ್ಯತ್ಯಾಸ 0.1 ವೋಲ್ಟ್ ಇದ್ದರೆ ಓದಿನಲ್ಲಿ 0.2 ತಪ್ಪು ಸೇರಿಹೋಗುತ್ತದೆ. ಗೇಜ್‌ನ ಮುಖದಲ್ಲೂ ಟ್ಯೂನರ್‌ಸ್ಟುಡಿಯೋದಲ್ಲೂ ಒಂದೇ ಅಂಕಿ ಕಾಣುವವರೆಗೆ ಮುಂದೆ ಹೋಗಬೇಡಿ.

ಇಪ್ಪತ್ತು ವರ್ಷದ ಗಾಡಿಯಲ್ಲಿ ಹಳೆಯ ಪೆಟ್ರೋಲ್ ಹೋಸ್ ಇದ್ದರೆ ಎಥನಾಲ್ ತಡೆಯುವ ಇಂಜೆಕ್ಷನ್ ಹೋಸ್‌ಗೆ ಬದಲಿಸಿ. ಬಂಕ್‌ನಲ್ಲಿ ಈಗ ಸಿಗುವ ಸಾಮಾನ್ಯ ಪೆಟ್ರೋಲ್ ಇ20, ಅಂದರೆ ಶೇ. 20ರವರೆಗೆ ಎಥನಾಲ್ ಬೆರೆತದ್ದು. ಹೈ-ಪ್ರೆಷರ್ ಲೈನ್‌ನ ಹೋಸ್ ಬಿರಿದರೆ ಬಿಸಿ ಹೆಡರ್ ಮೇಲೆಯೇ ಚಿಮ್ಮುತ್ತದೆ. ಟ್ಯೂನಿಂಗ್ ಮಾಡುವ ಜಾಗದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗಿರಲಿ.

ಇಂಜೆಕ್ಟರ್ ಲೆಕ್ಕ

ಟರ್ಬೊ ಇಲ್ಲದ ಇಂಜಿನ್ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 0.227 ಕೆಜಿ ಪೆಟ್ರೋಲ್ ಕುಡಿಯುತ್ತದೆ. 110 ಎಚ್‌ಪಿಗೆ 25 ಕೆಜಿ. ಒಂದು ಇಂಜೆಕ್ಟರ್‌ಗೆ 6.25 ಕೆಜಿ, ಅಂದರೆ ನಿಮಿಷಕ್ಕೆ ಸುಮಾರು 139 ಸಿಸಿ. ಇಂಜೆಕ್ಟರ್ ಡ್ಯೂಟಿ (ಒಟ್ಟು ಸಮಯದಲ್ಲಿ ಅದು ತೆರೆದಿರುವ ಪಾಲು) ಶೇ. 80 ದಾಟಬಾರದು, ಹಾಗಾಗಿ 174 ಸಿಸಿ. ಇ20ಗೆ ಶೇ. 9ರಷ್ಟು ಹೆಚ್ಚು ಬೇಕು, 190 ಆಯಿತು. 240 ಸಿಸಿಯ ಹೈ-ಇಂಪಿಡೆನ್ಸ್ ಇಂಜೆಕ್ಟರ್ ಹಾಕಿದರೆ ಸಾಕು. ‘ಮುಂದೆ ಟರ್ಬೊ ಹಾಕಿದರೆ ಬೇಕಾಗುತ್ತದೆ’ ಎಂದು 550 ಸಿಸಿಯದನ್ನು ಹಾಕಿದರೆ ಐಡಲ್‌ನಲ್ಲಿ ಅದು ಒಂದು ಮಿಲಿಸೆಕೆಂಡ್‌ಗಿಂತಲೂ ಕಡಿಮೆ ಹೊತ್ತು ಚಿಮ್ಮಬೇಕಾಗುತ್ತದೆ. ಅಷ್ಟು ಚಿಕ್ಕ ಪಲ್ಸ್‌ನಲ್ಲಿ ನಾಲ್ಕೂ ಒಂದೇ ಅಳತೆ ಕೊಡುವುದಿಲ್ಲ.

ಫ್ಯೂಯಲ್ ಪ್ರೆಷರ್ ಗೇಜ್ ಹಚ್ಚಿ ನೋಡಿ. ರೆಗ್ಯುಲೇಟರ್‌ನ ವ್ಯಾಕ್ಯೂಮ್ ಹೋಸ್ ಕಿತ್ತಾಗ 3 ಬಾರ್ ಇರಬೇಕು, ಐಡಲ್‌ನಲ್ಲಿ ಹೋಸ್ ಹಾಕಿದಾಗ 2.4ರಿಂದ 2.5ಕ್ಕೆ ಇಳಿಯಬೇಕು. ಇಳಿಯದಿದ್ದರೆ ಹೋಸ್ ತೂತಾಗಿದೆ ಅಥವಾ ರೆಗ್ಯುಲೇಟರ್ ಸತ್ತಿದೆ. ಪ್ರೆಷರ್ 3ರಿಂದ 3.5ಕ್ಕೆ ಏರಿಸಿದರೆ 240 ಸಿಸಿ ಇಂಜೆಕ್ಟರ್ ಸುಮಾರು 259 ಸಿಸಿ ಆಗುತ್ತದೆ. ವರ್ಗಮೂಲದ ಲೆಕ್ಕ, ನೇರ ಅನುಪಾತ ಅಲ್ಲ.

ಈಗ ‘ರಿಕ್ವೈರ್ಡ್ ಫ್ಯೂಯಲ್’: ಸಿಲಿಂಡರ್ ಗಾಳಿಯಿಂದ ಪೂರ್ತಿ ತುಂಬಿದರೆ ಇಂಜೆಕ್ಟರ್ ಎಷ್ಟು ಹೊತ್ತು ಚಿಮ್ಮಬೇಕು ಎಂಬ ಅಂಕಿ. ಒಂದು ಸಿಲಿಂಡರ್ 324.5 ಸಿಸಿ. 100 ಕಿಲೋಪಾಸ್ಕಲ್, 21 ಡಿಗ್ರಿಯಲ್ಲಿ ಅದರಲ್ಲಿ ಹಿಡಿಯುವ ಗಾಳಿ 0.385 ಗ್ರಾಂ. ಇ20ಗೆ ಸರಿಯಾದ ಗಾಳಿ-ಪೆಟ್ರೋಲ್ ಅನುಪಾತ ಸುಮಾರು 13.5, ಹಾಗಾಗಿ 0.0285 ಗ್ರಾಂ ಪೆಟ್ರೋಲ್. 240 ಸಿಸಿ ಇಂಜೆಕ್ಟರ್ ಮಿಲಿಸೆಕೆಂಡ್‌ಗೆ 0.003 ಗ್ರಾಂ ಕೊಡುತ್ತದೆ. ಉತ್ತರ 9.5 ಮಿಲಿಸೆಕೆಂಡ್. ಸಾಫ್ಟ್‌ವೇರ್‌ನ ಕ್ಯಾಲ್ಕುಲೇಟರ್‌ನಲ್ಲಿ 14.7 ಬಿಟ್ಟರೆ 8.8ರ ಹತ್ತಿರ ತೋರಿಸುತ್ತದೆ. ಗಾಡಿ ಓಡುತ್ತದೆ, ಆದರೆ ವಿಇ (ಸಿಲಿಂಡರ್ ಗಾಳಿಯಿಂದ ಶೇಕಡಾ ಎಷ್ಟು ತುಂಬುತ್ತದೆ ಎಂಬ) ಕೋಷ್ಟಕದ ಎಲ್ಲ ಅಂಕಿಯೂ ಸುಳ್ಳೇ ಶೇ. 9 ಉಬ್ಬಿ ಕೂರುತ್ತದೆ.

ಡೆಡ್ ಟೈಮ್ ಎಂದರೆ ಕರೆಂಟ್ ಕೊಟ್ಟ ಮೇಲೆ ಇಂಜೆಕ್ಟರ್ ನಿಜವಾಗಿ ತೆರೆಯಲು ಹಿಡಿಯುವ ಹೊತ್ತು. 14 ವೋಲ್ಟ್‌ನಲ್ಲಿ ಸುಮಾರು 1 ಮಿಲಿಸೆಕೆಂಡ್ ಇರುವುದು ಸಾಮಾನ್ಯ. ವೋಲ್ಟೇಜ್ ಇಳಿದಷ್ಟೂ ಹೆಚ್ಚುತ್ತದೆ. ತಯಾರಕರ ಡೇಟಾ ಸಿಕ್ಕರೆ ಅದನ್ನೇ ಹಾಕಿ. ಇದರಲ್ಲಿ 0.2 ಮಿಲಿಸೆಕೆಂಡ್ ತಪ್ಪಿದರೆ ಫುಲ್ ಲೋಡ್‌ನ 10 ಮಿಲಿಸೆಕೆಂಡ್ ಪಲ್ಸ್‌ನಲ್ಲಿ ಶೇ. 2ರ ತಪ್ಪು, ಗೊತ್ತೇ ಆಗುವುದಿಲ್ಲ. ಐಡಲ್‌ನಲ್ಲಿ ನಿಜವಾಗಿ ಚಿಮ್ಮುವುದು 2 ಮಿಲಿಸೆಕೆಂಡ್ ಮಾತ್ರ. ಅಲ್ಲಿ ಅದೇ ತಪ್ಪು ಶೇ. 10. ಪರೀಕ್ಷೆ ಸುಲಭ: ಐಡಲ್‌ನಲ್ಲಿ ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಡಿಫಾಗರ್ ಎಲ್ಲ ಹಾಕಿ. ಆರ್‌ಪಿಎಂ, ಮ್ಯಾಪ್ ಸ್ಥಿರವಾಗಿದ್ದು ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅನುಪಾತ ಸರಿಯಾದದ್ದರ ಎಷ್ಟು ಪಟ್ಟು ಎಂಬುದು; 1 ಎಂದರೆ ಸರಿ, ಹೆಚ್ಚಾದರೆ ಲೀನ್) ಮಾತ್ರ ಸರಿದರೆ ಡೆಡ್ ಟೈಮ್‌ನ ವೋಲ್ಟೇಜ್ ತಿದ್ದುಪಡಿ ತಪ್ಪಾಗಿದೆ.

ಸೆನ್ಸರ್‌ಗಳು ನಿಜ ಹೇಳುತ್ತಿವೆಯೇ

ಕೀ ಆನ್, ಇಂಜಿನ್ ಆಫ್. ಮ್ಯಾಪ್ ಸೆನ್ಸರ್ ಈಗ ಊರಿನ ವಾಯುಭಾರ ತೋರಿಸಬೇಕು: ಬೆಂಗಳೂರಿನಲ್ಲಿ ಸುಮಾರು 91 ಕಿಲೋಪಾಸ್ಕಲ್, ಮೈಸೂರಿನಲ್ಲಿ 92-93, ಮಡಿಕೇರಿಯಲ್ಲಿ 88, ಮಂಗಳೂರಿನಲ್ಲಿ 101. ಬೆಂಗಳೂರಿನಲ್ಲಿ 100 ತೋರಿಸಿದರೆ ಸಂತೋಷಪಡಬೇಡಿ, ಕ್ಯಾಲಿಬ್ರೇಷನ್ ತಪ್ಪು. ಹವಾಮಾನ ಆ್ಯಪ್ ತೋರಿಸುವ 1010ರ ಆಸುಪಾಸಿನ ಅಂಕಿ (ಹೆಕ್ಟೋಪಾಸ್ಕಲ್‌ನಲ್ಲಿ, ಅಂದರೆ 101 ಕಿಲೋಪಾಸ್ಕಲ್) ಸಮುದ್ರಮಟ್ಟಕ್ಕೆ ತಿದ್ದಿದ್ದು; ಅದರ ಜೊತೆ ಹೋಲಿಸಲು ಹೋಗಬೇಡಿ.

ಕೂಲಂಟ್ ಮತ್ತು ಗಾಳಿಯ ತಾಪಮಾನದ ಸೆನ್ಸರ್‌ಗಳನ್ನು ಕರಗುತ್ತಿರುವ ಐಸ್, ಕೋಣೆಯ ನೀರು, ಕುದಿಯುವ ನೀರು, ಈ ಮೂರರಲ್ಲಿ ಅದ್ದಿ ಓಮ್ ಅಳೆಯಿರಿ. ಇಂಥ ಸೆನ್ಸರ್‌ಗಳಲ್ಲಿ ಸಾಮಾನ್ಯವಾಗಿ 20 ಡಿಗ್ರಿಗೆ 2.5 ಕಿಲೋಓಮ್, 80 ಡಿಗ್ರಿಗೆ 0.32 ಕಿಲೋಓಮ್ ಆಸುಪಾಸು ಬರುತ್ತದೆ. ಬೆಂಗಳೂರಿನಲ್ಲಿ ನೀರು ಕುದಿಯುವುದು 97 ಡಿಗ್ರಿಗೆ ಎಂಬುದು ನೆನಪಿರಲಿ. 100 ಎಂದು ಬರೆದರೆ ಫ್ಯಾನ್ ಬೇಕಾದ್ದಕ್ಕಿಂತ ಮೊದಲೇ ಹತ್ತುತ್ತದೆ. ಟಿಪಿಎಸ್‌ಗೆ (ಥ್ರಾಟಲ್ ಎಷ್ಟು ತೆರೆದಿದೆ ಎಂದು ಹೇಳುವ ಸೆನ್ಸರ್) ಎಕ್ಸಲರೇಟರ್ ಪೂರ್ತಿ ಬಿಟ್ಟ ಅಂಕಿ, ಪೂರ್ತಿ ಒತ್ತಿದ ಅಂಕಿ ಕೊಟ್ಟರೆ ಮುಗಿಯಿತು. ಕೈಯಿಂದ ಥ್ರಾಟಲ್ ತಿರುಗಿಸಬೇಡಿ, ಪೆಡಲ್ ಒತ್ತಿಯೇ ಅಳೆಯಿರಿ; ಕೇಬಲ್ ಸಡಿಲವಿದ್ದರೆ ಆಗಲೇ ಸಿಕ್ಕಿಬೀಳುತ್ತದೆ.

ಇನ್ನು ಇಗ್ನಿಷನ್. ಕಾಯಿಲ್‌ಗೆ ಪವರ್ ಕೊಡುವ ಮೊದಲೇ ಸೆಟ್ಟಿಂಗ್ ಹಾಕಿ ಮುಗಿಸಿ. ಸ್ಪಾರ್ಕ್ ಔಟ್‌ಪುಟ್‌ನ ದಿಕ್ಕು ಉಲ್ಟಾ ಇದ್ದರೆ ಕೀ ಆನ್ ಮಾಡಿದ ಕ್ಷಣದಿಂದ ಕಾಯಿಲ್‌ನಲ್ಲಿ ನಿರಂತರ ಕರೆಂಟ್ ಹರಿದು ಒಂದೆರಡು ನಿಮಿಷದಲ್ಲಿ ಕಾಯಿಲ್ ಅಥವಾ ಡ್ರೈವರ್ ಸುಡುತ್ತದೆ. ಡ್ವೆಲ್ (ಕಿಡಿಗೆ ಮೊದಲು ಕಾಯಿಲ್‌ಗೆ ಕರೆಂಟ್ ಕೊಡುವ ಹೊತ್ತು) 14 ವೋಲ್ಟ್‌ನಲ್ಲಿ 3 ಮಿಲಿಸೆಕೆಂಡ್‌ನಿಂದ ಶುರು ಮಾಡಿ. ಕಾಯಿಲ್ ಮುಟ್ಟಲಾಗದಷ್ಟು ಬಿಸಿಯಾದರೆ ಇಳಿಸಿ.

ಕ್ರ್ಯಾಂಕ್ ಸೆನ್ಸರ್ ಮತ್ತು ಹಲ್ಲಿನ ನಡುವೆ 0.8ರಿಂದ 1 ಮಿ.ಮೀ. ಸಂದಿ ಬಿಡಿ. ಇಂಜೆಕ್ಟರ್ ಕನೆಕ್ಟರ್ ಕಿತ್ತು ಕ್ರ್ಯಾಂಕ್ ಮಾಡಿದರೆ 200ರ ಆಸುಪಾಸು ಸ್ಥಿರ ಆರ್‌ಪಿಎಂ ಬರಬೇಕು. ಆಮೇಲೆ ಸಾಫ್ಟ್‌ವೇರ್‌ನಲ್ಲಿ ಟೈಮಿಂಗನ್ನು (ಪಿಸ್ಟನ್ ಮೇಲ್ತುದಿ, ಅಂದರೆ ಟಿಡಿಸಿ, ತಲುಪುವುದಕ್ಕೆ ಎಷ್ಟು ಡಿಗ್ರಿ ಮೊದಲು ಕಿಡಿ ಎಂಬುದು) 10 ಡಿಗ್ರಿಗೆ ಲಾಕ್ ಮಾಡಿ, ಪುಲಿಯ ಗುರುತಿನ ಮೇಲೆ ಟೈಮಿಂಗ್ ಲೈಟ್ ಹಿಡಿಯಿರಿ. ಗುರುತು 10ರಲ್ಲಿ ನಿಲ್ಲುವವರೆಗೆ ಟ್ರಿಗರ್ ಆ್ಯಂಗಲ್ (ಇಲ್ಲದ ಹಲ್ಲಿಗೂ ಟಿಡಿಸಿಗೂ ನಡುವಿನ ಕೋನ) ತಿದ್ದಿ. ಗುಂಡಿ ತಿರುಗಿಸಿ ಡಿಗ್ರಿ ಓದುವ ಲೈಟ್ ವೇಸ್ಟೆಡ್ ಸ್ಪಾರ್ಕ್‌ನಲ್ಲಿ ದುಪ್ಪಟ್ಟು ಎಣಿಸಿ ಮೋಸ ಮಾಡುತ್ತದೆ. ಗುಂಡಿ ಇಲ್ಲದ ಹಳೆಯ ಲೈಟೇ ವಾಸಿ. ಲಾಕ್ ಹಾಗೆಯೇ ಇಟ್ಟು 3500ರವರೆಗೆ ರೇಸ್ ಮಾಡಿ. ಗುರುತು ಕದಲಬಾರದು. ಆರ್‌ಪಿಎಂ ಏರಿದಂತೆ ಗುರುತು ಜಾರುತ್ತಿದ್ದರೆ ಕ್ರ್ಯಾಂಕ್ ಸೆನ್ಸರ್‌ನ ಎರಡು ವೈರ್ ಅದಲುಬದಲಾಗಿವೆ ಎಂದೇ ಮೊದಲು ಅನುಮಾನಿಸಿ. ಟಿಡಿಸಿ ಗುರುತನ್ನೂ ಕುರುಡಾಗಿ ನಂಬಬೇಡಿ: ಪುಲಿಯ ರಬ್ಬರ್ ಹಳತಾದರೆ ಹೊರಗಿನ ಉಂಗುರ ಜಾರಿರುತ್ತದೆ. ಪ್ಲಗ್ ತೂತಿನಲ್ಲಿ ಪಿಸ್ಟನ್ ಸ್ಟಾಪ್ ಹಾಕಿ ಎರಡೂ ಕಡೆಯಿಂದ ತಿರುಗಿಸಿ ನಿಜವಾದ ಟಿಡಿಸಿ ಗುರುತಿಸಿ. ಇಲ್ಲಿ 5 ಡಿಗ್ರಿ ತಪ್ಪಿದರೆ ಸ್ಕ್ರೀನ್‌ನಲ್ಲಿ 28 ಕಾಣುವಾಗ ಇಂಜಿನ್ 33ರಲ್ಲಿ ಉರಿಯುತ್ತಿರುತ್ತದೆ, ಪಿಸ್ಟನ್ ಒಡೆದ ಮೇಲೂ ಲಾಗ್ ನೋಡಿದವರಿಗೆ ಎಲ್ಲ ಸರಿ ಅನ್ನಿಸುತ್ತದೆ.

ಪೆಟ್ರೋಲ್ ಮೊದಲು, ಟೈಮಿಂಗ್ ಆಮೇಲೆ

ಗುರಿಯನ್ನು ಎಎಫ್‌ಆರ್‌ನಲ್ಲಿ ಯೋಚಿಸಬೇಡಿ, ಲ್ಯಾಂಬ್ಡಾದಲ್ಲಿ ಯೋಚಿಸಿ. ವೈಡ್‌ಬ್ಯಾಂಡ್ ಅಳೆಯುವುದೇ ಲ್ಯಾಂಬ್ಡಾ, ಅದನ್ನು 14.7ರಿಂದ ಗುಣಿಸಿ ಗೇಜ್‌ನಲ್ಲಿ ತೋರಿಸುತ್ತದೆ ಅಷ್ಟೆ. ಟ್ಯಾಂಕ್‌ನಲ್ಲಿ ಇ20 ಇದ್ದರೂ ಲ್ಯಾಂಬ್ಡಾ 1 ಬಂದಾಗ ಗೇಜ್ ಹೇಳುವುದು 14.7. ಇದು ಗೊತ್ತಿಲ್ಲದೆ ‘ಇ20ಗೆ 13.5 ಇರಬೇಕು’ ಎಂದು ಗೇಜ್‌ನಲ್ಲಿ 13.5 ತಂದವರು ಶೇ. 8 ರಿಚ್ ಓಡಿಸುತ್ತಾ ಮೈಲೇಜ್ ಹೋಯಿತೆಂದು ಇ20ಯನ್ನು ಬಯ್ಯುತ್ತಿರುತ್ತಾರೆ.

ಐಡಲ್‌ನಲ್ಲಿ 0.95ರಿಂದ 1.0, ದೊಡ್ಡ ಕ್ಯಾಮ್ ಆದರೆ 0.92ರಲ್ಲಿ ನಯವಾಗಿ ನಿಲ್ಲುತ್ತದೆ. ಹೈವೇ ಕ್ರೂಸ್‌ನಲ್ಲಿ 1.0. ಪೂರ್ತಿ ಒತ್ತಿದಾಗ 0.86ರಿಂದ 0.88. ಟರ್ಬೊ ಇದ್ದಿದ್ದರೆ 0.78ರಿಂದ 0.82 ಎನ್ನುತ್ತಿದ್ದೆವು.

ಟ್ಯೂನ್ ಮಾಡುವಾಗ ಕೂಲಂಟ್ 80 ಡಿಗ್ರಿ ದಾಟಿರಲಿ. ಆಕ್ಸಿಜನ್ ಸೆನ್ಸರ್‌ನ ಕ್ಲೋಸ್ಡ್ ಲೂಪ್ ತಿದ್ದುಪಡಿ (ಸೆನ್ಸರ್ ಓದಿದಂತೆ ಇಸಿಯು ತಾನೇ ಪೆಟ್ರೋಲ್ ತಿದ್ದುವುದು) ಆಫ್ ಇರಲಿ, ಎಕ್ಸಲರೇಷನ್ ಎನ್ರಿಚ್‌ಮೆಂಟ್ (ಪೆಡಲ್ ಒತ್ತಿದ ಕೂಡಲೇ ಕೊಡುವ ಹೆಚ್ಚುವರಿ ಪೆಟ್ರೋಲ್) ಕೂಡ ಸದ್ಯಕ್ಕೆ ಆಫ್. ಇಲ್ಲದಿದ್ದರೆ ಮೂರು ಕೈ ಒಂದೇ ಸ್ಟೀರಿಂಗ್ ಹಿಡಿದಂತೆ ಆಗುತ್ತದೆ. ಮೆಗಾಸ್ಕ್ವರ್ಟ್‌ನಲ್ಲಿ ಎಎಫ್‌ಆರ್ ಗುರಿಯ ಕೋಷ್ಟಕವನ್ನು ಲೆಕ್ಕದಲ್ಲಿ ಸೇರಿಸುವ ಆಯ್ಕೆ ಇದೆ. ಶುರುವಿನಲ್ಲೇ ಅದನ್ನು ಆನ್ ಮಾಡಿದರೆ ವಿಇ ಎಂದರೆ ನಿಜವಾಗಿಯೂ ಇಂಜಿನ್ ಎಳೆಯುವ ಗಾಳಿಯ ಶೇಕಡಾವಾರು ಆಗುತ್ತದೆ, ಆಮೇಲೆ ಗುರಿ ಬದಲಿಸಿದರೆ ಪೆಟ್ರೋಲ್ ತಾನಾಗಿ ಬದಲಾಗುತ್ತದೆ.

ತಿದ್ದುವ ಸೂತ್ರ ಒಂದೇ: ಹೊಸ ವಿಇ ಎಂದರೆ ಹಳೆಯ ವಿಇಯನ್ನು ಅಳೆದ ಲ್ಯಾಂಬ್ಡಾದಿಂದ ಗುಣಿಸಿ ಗುರಿ ಲ್ಯಾಂಬ್ಡಾದಿಂದ ಭಾಗಿಸುವುದು. 2500 ಆರ್‌ಪಿಎಂ, 45 ಕಿಲೋಪಾಸ್ಕಲ್‌ನ ಕೋಶದಲ್ಲಿ 62 ಇದೆ, ಅಳೆದದ್ದು 1.06, ಗುರಿ 1.00, ಹೊಸ ಅಂಕಿ 65.7. ಆ ಕೋಶದ ಮಧ್ಯದಲ್ಲಿ ಗಾಡಿಯನ್ನು ಮೂರು ನಾಲ್ಕು ಸೆಕೆಂಡ್ ಸ್ಥಿರವಾಗಿ ನಿಲ್ಲಿಸಿದ ಮೇಲೆ ಮಾತ್ರ ಅಂಕಿ ತೆಗೆದುಕೊಳ್ಳಿ. ಕೋಶದ ಅಂಚಿನಲ್ಲಿ ಓದಿದ್ದು ನಾಲ್ಕು ಕೋಶಗಳ ಸರಾಸರಿ. ಲೋಡ್ ಹಿಡಿದು ನಿಲ್ಲಿಸುವ ಡೈನೊ (ಇಂಜಿನ್‌ನ ಶಕ್ತಿ ಅಳೆಯುವ ಯಂತ್ರ) ಸಿಕ್ಕರೆ ಈ ಭಾಗ ಎರಡು ಗಂಟೆಯ ಕೆಲಸ. ಟ್ಯೂನರ್‌ಸ್ಟುಡಿಯೋದ ಆಟೋಟ್ಯೂನ್ ಕ್ರೂಸ್ ಭಾಗವನ್ನು ಚೆನ್ನಾಗಿ ತುಂಬುತ್ತದೆ, ಆದರೆ ಮಿಸ್ಸಿಂಗ್ ಹೊಡೆಯುವ ಇಂಜಿನ್‌ಗೆ ಅದನ್ನು ಬಿಡಬೇಡಿ. ಉರಿಯದ ಸಿಲಿಂಡರ್‌ನಿಂದ ಬಂದ ಆಮ್ಲಜನಕವನ್ನು ಲೀನ್ ಎಂದು ಓದಿ ಅದು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ.

ಪೂರ್ತಿ ಒತ್ತುವ ಪರೀಕ್ಷೆ ಡೈನೊದಲ್ಲಿ ಅಥವಾ ಟ್ರ್ಯಾಕ್‌ನಲ್ಲಿ ಮಾತ್ರ. ನೈಸ್ ರೋಡ್‌ನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಅಲ್ಲ. ಶುರು ಮಾಡುವಾಗ ವಿಇ ಶೇ. 8-10 ಹೆಚ್ಚೇ ಇರಲಿ, ಟೈಮಿಂಗ್ 4 ಡಿಗ್ರಿ ಕಡಿಮೆ ಇರಲಿ. ನಾಲ್ಕನೇ ಗೇರಿನಲ್ಲಿ 2000ದಿಂದ ಮೊದಲು 4500ವರೆಗೆ ಮಾತ್ರ ಎಳೆದು ಬಿಡಿ, ಲಾಗ್ ನೋಡಿ, ತಿದ್ದಿ, ಆಮೇಲೆ 5500, ಆಮೇಲೆ 7000. 0.95 ದಾಟಿ ಲೀನ್ ಹೋದರೆ ತಕ್ಷಣ ಕಾಲು ತೆಗೆಯಿರಿ. ಲಾಗ್ ಓದುವಾಗ ಒಂದು ಸೂಕ್ಷ್ಮ: ಸೆನ್ಸರ್‌ಗೆ ಹೊಗೆ ತಲುಪಿ ಉತ್ತರ ಬರಲು 0.1ರಿಂದ 0.2 ಸೆಕೆಂಡ್ ಬೇಕು. ಸೆಕೆಂಡ್‌ಗೆ 500 ಏರುವ ಎಳೆತದಲ್ಲಿ 5000ದ ಎದುರು ಕಾಣುವ ಲ್ಯಾಂಬ್ಡಾ 4900ರದ್ದು. 7000ದಲ್ಲಿ ಪಲ್ಸ್ 11 ಮಿಲಿಸೆಕೆಂಡ್ ಆಸುಪಾಸು ಬರಬೇಕು. ಆ ವೇಗದಲ್ಲಿ ಒಂದು ಸೈಕಲ್ 17.1 ಮಿಲಿಸೆಕೆಂಡ್, ಡ್ಯೂಟಿ ಶೇ. 64-65. ಮೇಲಿನ ಆರ್‌ಪಿಎಂನಲ್ಲಿ ಎಷ್ಟು ವಿಇ ಏರಿಸಿದರೂ ಲೀನ್ ಆಗುತ್ತಲೇ ಹೋದರೆ ಕೋಷ್ಟಕ ಬಿಟ್ಟು ಫ್ಯೂಯಲ್ ಪ್ರೆಷರ್ ನೋಡಿ. ಪಂಪ್ ಸೋಲುತ್ತಿದೆ ಅಥವಾ ಫಿಲ್ಟರ್ ಕಟ್ಟಿದೆ.

ಬೆಂಗಳೂರಿನಲ್ಲಿ ಕಾಣದ ಸಾಲು

ಬೆಂಗಳೂರಿನಲ್ಲಿ ಟ್ಯೂನ್ ಆದ ಬಹಳಷ್ಟು ಗಾಡಿಗಳಲ್ಲಿ ಒಂದು ಬಲೆ ಅಡಗಿರುತ್ತದೆ. ಇಲ್ಲಿ ಎಷ್ಟೇ ಒತ್ತಿದರೂ ಮ್ಯಾಪ್ 90 ದಾಟುವುದಿಲ್ಲ, ಏಕೆಂದರೆ ಹೊರಗಿನ ಗಾಳಿಯೇ 91. ಕೋಷ್ಟಕದ 100 ಕಿಲೋಪಾಸ್ಕಲ್ ಸಾಲನ್ನು ಇಂಜಿನ್ ಒಮ್ಮೆಯೂ ಪೂರ್ತಿ ಮುಟ್ಟಿರುವುದಿಲ್ಲ. ಅಲ್ಲಿರುವುದು ಬೇಸ್ ಮ್ಯಾಪ್‌ನ (ಶುರುವಿಗೆ ಹಾಕಿದ ಫೈಲ್) ಊಹೆ. ಡೈನೊ ಶೀಟ್ ಚೆನ್ನಾಗಿದೆ, ಗಾಡಿ ಚೆನ್ನಾಗಿದೆ. ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿ ದಾಟಿ ಓವರ್‌ಟೇಕ್‌ಗೆ ಪೂರ್ತಿ ಒತ್ತಿದ ಕ್ಷಣ ಇಂಜಿನ್ ಮೊದಲ ಬಾರಿಗೆ ಆ ಸಾಲಿಗೆ ಕಾಲಿಡುತ್ತದೆ. ಶೇ. 10 ಹೆಚ್ಚು ಗಾಳಿ, ಕರಾವಳಿಯ ಸೆಕೆ, ಟೈಮಿಂಗ್ ಯಾರೂ ನೋಡದ್ದು. ನಾಕಿಂಗ್ (ಪೆಟ್ರೋಲ್ ತಾನಾಗಿ ಸಿಡಿದು ಪಿಸ್ಟನ್‌ಗೆ ಹೊಡೆಯುವುದು) ಅಲ್ಲಿ ಶುರು.

ಹಾಗಾಗಿ ಲೋಡ್ ಅಕ್ಷವನ್ನು ಕೈಯಾರೆ ಹಾಕಿ: 30, 40, 50, 60, 70, 80, 90, 100. 85ರಿಂದ ನೇರ 100ಕ್ಕೆ ಹಾರುವ ಅಕ್ಷ ಇಟ್ಟರೆ ಅಳೆದದ್ದು ಯಾವುದು, ಊಹಿಸಿದ್ದು ಯಾವುದು ಎಂದೇ ತಿಳಿಯುವುದಿಲ್ಲ. 90ರ ಸಾಲು ಪಕ್ಕಾ ಆದ ಮೇಲೆ 100ರ ಸಾಲಿಗೆ ಅದೇ ಅಂಕಿಗೆ ಶೇ. 2-3 ಸೇರಿಸಿ ತುಂಬಿ, ಇಗ್ನಿಷನ್‌ನಲ್ಲಿ 1.5ರಿಂದ 2 ಡಿಗ್ರಿ ಕಡಿಮೆ ಮಾಡಿ. ಕರಾವಳಿಗೆ ಹೋದಾಗ ಲಾಗ್ ಹಾಕಿಕೊಂಡು ಮೊದಲು ಅರ್ಧ, ಮುಕ್ಕಾಲು ಥ್ರಾಟಲ್‌ನಲ್ಲಿ ನೋಡಿ ತಿದ್ದಿ. ಮಂಗಳೂರಿನಲ್ಲಿ ಟ್ಯೂನ್ ಆದ ಗಾಡಿಗೆ ಈ ಕಷ್ಟವಿಲ್ಲ, ಮೇಲೆ ಹತ್ತಿದಾಗ ಅಳೆದ ಸಾಲುಗಳೊಳಗೇ ಇರುತ್ತದೆ.

ಇಗ್ನಿಷನ್

ಪೂರ್ತಿ ಲೋಡ್‌ಗೆ ಶುರುವಿನ ಅಂಕಿ ಹೀಗಿರಲಿ: 1500ಕ್ಕೆ 10 ಡಿಗ್ರಿ, 2500ಕ್ಕೆ 18, 3500ಕ್ಕೆ 24, 4500ಕ್ಕೆ 26, 6000ಕ್ಕೆ 28. ಹೆಡ್‌ನ ತಳ ತೇಯಿಸಿ ಕಂಪ್ರೆಷನ್ ಏರಿಸಿದ್ದರೆ ಎಲ್ಲದರಲ್ಲೂ 3 ಕಡಿಮೆ. ಕ್ರೂಸ್‌ನಲ್ಲಿ, 2500-3500, 45 ಕಿಲೋಪಾಸ್ಕಲ್ ಸುತ್ತ, 32ರಿಂದ 35. ಡೈನೊದಲ್ಲಿ 2 ಡಿಗ್ರಿ ಸೇರಿಸಿ ಎಳೆಯಿರಿ, ಟಾರ್ಕ್ ನೋಡಿ. ಏರಿದರೆ ಇನ್ನೆರಡು. ಏರಿಕೆ ಡೈನೊದ ಎರಡು ಓಟಗಳ ನಡುವಿನ ಮಾಮೂಲಿ ವ್ಯತ್ಯಾಸದಷ್ಟೇ ಇದ್ದರೆ ಅದು ಏರಿಕೆಯಲ್ಲ, ಕೊನೆಯ ಎರಡು ಡಿಗ್ರಿ ವಾಪಸ್ ತೆಗೆಯಿರಿ. ಪ್ರತಿ ಓಟಕ್ಕೂ ಕೂಲಂಟ್, ಒಳಬರುವ ಗಾಳಿಯ ತಾಪಮಾನ ಒಂದೇ ಇರಲಿ. ಮುಂದೆ ದೊಡ್ಡ ಫ್ಯಾನ್ ಇಲ್ಲದ ಡೈನೊದಲ್ಲಿ ಐದನೇ ಓಟದ ಹೊತ್ತಿಗೆ ಬಾನೆಟ್ ಒಳಗೆ ಗಾಳಿಯೇ 60 ಡಿಗ್ರಿಯಾಗಿ ಅಳತೆಗೆ ಅರ್ಥವಿರುವುದಿಲ್ಲ.

ಟಾರ್ಕ್ ನಿಲ್ಲುವ ಮೊದಲೇ ನಾಕಿಂಗ್ ಬಂದರೆ ಮಿತಿ ಅಲ್ಲಿಗೆ. ಬರಿಗಿವಿಗೆ ಕೇಳುವ ಹೊತ್ತಿಗೆ ತಡವಾಗಿರುತ್ತದೆ. ಅಂಗೈಯಗಲದಷ್ಟು ಉದ್ದದ ತಾಮ್ರದ ಕೊಳವೆಯ ಒಂದು ತುದಿ ತಟ್ಟಿ ಚಪ್ಪಟೆ ಮಾಡಿ, ತೂತು ಕೊರೆದು ಬ್ಲಾಕ್‌ನ ಬೋಲ್ಟ್‌ಗೆ ಬಿಗಿಯಿರಿ. ಇನ್ನೊಂದು ತುದಿಗೆ ಎರಡು ಮೀಟರ್ ರಬ್ಬರ್ ಹೋಸ್ ಸಿಕ್ಕಿಸಿ, ಕಿವಿ ಮುಚ್ಚುವ ಇಯರ್‌ಮಫ್‌ಗೆ ಜೋಡಿಸಿ. ಇಂಜಿನ್‌ನ ಮಾಮೂಲಿ ಗುರುಗುಟ್ಟುವಿಕೆಯ ಮೇಲೆ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಚಟ್ ಚಟ್ ಕೇಳಿದರೆ ಅದೇ ನಾಕ್. ಎಲೆಕ್ಟ್ರಾನಿಕ್ ನಾಕ್ ಸೆನ್ಸರ್ ಇದ್ದರೆ 74 ಮಿ.ಮೀ. ಬೋರ್‌ಗೆ 7.7 ಕಿಲೋಹರ್ಟ್ಜ್ ಸುತ್ತ ಫಿಲ್ಟರ್ ಇಡಿ. ಓಟದ ಮಧ್ಯೆಯೇ ಇಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ, ಭೂತಗನ್ನಡಿಯಲ್ಲಿ ಬಿಳಿ ಪಿಂಗಾಣಿ ನೋಡಿ. ಮೆಣಸಿನ ಪುಡಿ ಉದುರಿಸಿದಂಥ ಕಪ್ಪು ಚುಕ್ಕೆ ಅಥವಾ ಹೊಳೆಯುವ ಅಲ್ಯುಮಿನಿಯಂ ಕಣ ಕಂಡರೆ ಪಿಸ್ಟನ್ ಆಗಲೇ ಸವೆಯುತ್ತಿದೆ.

ಯಾವ ಪೆಟ್ರೋಲ್‌ನಲ್ಲಿ ಟ್ಯೂನ್ ಮಾಡಿದಿರೋ ಅದರಲ್ಲೇ ಓಡಬೇಕು. 100 ಆಕ್ಟೇನ್ ಹಾಕಿ ಡೈನೊದಲ್ಲಿ 3 ಡಿಗ್ರಿ ಹೆಚ್ಚು ಕೊಟ್ಟು, ಊರಿನ ಬಂಕ್‌ನಲ್ಲಿ ಸಾಮಾನ್ಯ ಪೆಟ್ರೋಲ್ ತುಂಬಿಸಿದರೆ ಆ 3 ಡಿಗ್ರಿಯ ಸಾಲ ತೀರಿಸುವುದು ಪಿಸ್ಟನ್. ರಸ್ತೆಯ ಗಾಡಿಯನ್ನು ಸುಲಭಕ್ಕೆ ಸಿಗುವ ಪೆಟ್ರೋಲ್‌ಗೇ ಟ್ಯೂನ್ ಮಾಡಿ. ಒಳಬರುವ ಗಾಳಿ 45 ಡಿಗ್ರಿ ದಾಟಿದ ಮೇಲೆ ಪ್ರತಿ 10 ಡಿಗ್ರಿಗೆ ಒಂದೂವರೆ ಡಿಗ್ರಿ ಟೈಮಿಂಗ್ ಕಡಿಮೆ ಮಾಡುವ ಕೋಷ್ಟಕವನ್ನೂ ತುಂಬಿಡಿ. ರಾಯಚೂರಿನ ಮೇ ತಿಂಗಳಿಗೆ ಅದು ಬೇಕಾಗುತ್ತದೆ.

ತಣ್ಣನೆಯ ಸ್ಟಾರ್ಟ್, ಐಡಲ್, ಪಿಕಪ್

ಡೈನೊ ಮುಗಿಸಿದವರು ‘ಟ್ಯೂನ್ ಆಯಿತು’ ಎನ್ನುತ್ತಾರೆ. ದಿನಾ ಓಡಿಸುವವರಿಗೆ ಅರ್ಧ ಕೆಲಸ ಇನ್ನೂ ಉಳಿದಿದೆ. ತಣ್ಣನೆಯ ಸ್ಟಾರ್ಟ್ ದಿನಕ್ಕೆ ಒಮ್ಮೆಯೇ ಸಿಗುವುದು, ಹಾಗಾಗಿ ಇದಕ್ಕೆ ಒಂದೆರಡು ವಾರ ಬೇಕು. ಇಂಜಿನ್ 80 ಡಿಗ್ರಿಗೆ ಬಂದಾಗ ವಾರ್ಮಪ್ ಅಂಕಿ ಶೇ. 100 ಆಗಲೇಬೇಕು; 20 ಡಿಗ್ರಿಯಲ್ಲಿ 125-130ರಿಂದ ಶುರು ಮಾಡಿ. ಒಮ್ಮೆಗೆ ಒಂದೇ ಅಂಕಿ ಬದಲಿಸಿ. ಹತ್ತಿಕೊಂಡು ತಕ್ಷಣ ಆರಿದರೆ ಸ್ಟಾರ್ಟ್ ನಂತರದ ಎನ್ರಿಚ್‌ಮೆಂಟ್ ಸಾಲದು. ಹತ್ತುವುದಕ್ಕೇ ಒದ್ದಾಡಿ, ಎಕ್ಸಲರೇಟರ್ ಒತ್ತಿ ಹಿಡಿದಾಗ ಹತ್ತಿದರೆ ಕ್ರ್ಯಾಂಕಿಂಗ್ ಪೆಟ್ರೋಲ್ ಹೆಚ್ಚಾಗಿದೆ. ಇ20 ಆವಿಯಾಗಲು ಹೆಚ್ಚು ಶಾಖ ಬೇಕು, ಡಿಸೆಂಬರ್ ಬೆಳಿಗ್ಗೆಗೆ ಇನ್ನೊಮ್ಮೆ ನೋಡಬೇಕಾಗುತ್ತದೆ.

ಐಡಲ್ ಭಾಗದ ವಿಇ ಕೋಶಗಳನ್ನು ಸಮತಟ್ಟಾಗಿಡಿ. ಇಗ್ನಿಷನ್‌ನಲ್ಲಿ ಒಂದು ಉಪಾಯ: 900ರಲ್ಲಿ 13 ಡಿಗ್ರಿ ಇದ್ದರೆ 600ರಲ್ಲಿ 18 ಕೊಡಿ. ಎಸಿ ಹಾಕಿ ಆರ್‌ಪಿಎಂ ಬಿದ್ದಾಗ ಹೆಚ್ಚಿದ ಟೈಮಿಂಗೇ ಇಂಜಿನ್ನನ್ನು ಎತ್ತಿ ಹಿಡಿಯುತ್ತದೆ.

ಪಿಕಪ್‌ನಲ್ಲಿ ಮುಗ್ಗರಿಸುವಾಗ ಲೀನೋ ರಿಚ್ಚೋ ಎಂದು ಕಾಲಿಗೆ ಗೊತ್ತಾಗುವುದಿಲ್ಲ, ಲಾಗ್‌ಗೆ ಗೊತ್ತು. ಟಿಪಿಎಸ್ ಜಿಗಿದ ಕೂಡಲೇ ಲ್ಯಾಂಬ್ಡಾ 1.2ಕ್ಕೆ ಚಿಮ್ಮಿ ಆಮೇಲೆ ಇಳಿದರೆ ಎಕ್ಸಲರೇಷನ್ ಪೆಟ್ರೋಲ್ ಕಡಿಮೆ, 0.75ಕ್ಕೆ ಕುಸಿದು ಅರ್ಧ ಸೆಕೆಂಡ್ ಅಲ್ಲೇ ಬಿದ್ದಿದ್ದರೆ ಹೆಚ್ಚು. ವಿಇ ಕೋಷ್ಟಕ ಸರಿಯಾಗುವ ಮೊದಲು ಇದಕ್ಕೆ ಕೈ ಹಾಕಿದವರು ಮತ್ತೆ ಮೊದಲಿನಿಂದ ಮಾಡುತ್ತಾರೆ.

ರೆವ್ ಲಿಮಿಟ್ ಅನ್ನು ವಾಲ್ವ್ ಸ್ಪ್ರಿಂಗ್ ತಡೆಯುವಷ್ಟಕ್ಕೆ ಇಡಿ, ಕ್ಯಾಟ್ ಇರುವ ಗಾಡಿಗೆ ಸ್ಪಾರ್ಕ್ ಕಟ್ ಬೇಡ, ಫ್ಯೂಯಲ್ ಕಟ್ ಇರಲಿ. ಉರಿಯದ ಪೆಟ್ರೋಲ್ ಕ್ಯಾಟ್‌ನೊಳಗೆ ಉರಿದು ಅದನ್ನು ಕರಗಿಸುತ್ತದೆ.

ಆರ್‌ಟಿಒ ಮತ್ತು ಪಿಯುಸಿ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರ ಮೂಲ ವಿವರದಿಂದ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಕ್ಯಾಮ್, ಕಂಪ್ರೆಷನ್ ಮುಟ್ಟಿದ ಗಾಡಿಯ ಜಾಗ ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್, ಆಟೋಕ್ರಾಸ್ ಮೈದಾನ. ಅಲ್ಲಿಗೆ ಟ್ರೇಲರ್ ಮೇಲೆ ಒಯ್ಯುವುದೇ ಕ್ಷೇಮ. ಕ್ಯಾಟ್ ಕಿತ್ತು ಎಸೆಯುವುದರಿಂದ ಈ ಮಟ್ಟದ ಇಂಜಿನ್‌ಗೆ ಸಿಗುವ ಶಕ್ತಿ ಲೆಕ್ಕಕ್ಕಿಲ್ಲ. ಪಿಯುಸಿಯಲ್ಲಿ ಬಿಎಸ್-4 ಮತ್ತು ನಂತರದ ಪೆಟ್ರೋಲ್ ಕಾರುಗಳಿಗೆ 2500ರ ಆಸುಪಾಸಿನಲ್ಲಿ ಲ್ಯಾಂಬ್ಡಾ 0.97ರಿಂದ 1.03ರೊಳಗಿರಬೇಕು. ನಿಮ್ಮ ಗಾಡಿ ಹಳೆಯದಾದರೂ ಲೋಡ್ ಇಲ್ಲದ 2500ರ ಕೋಶಗಳನ್ನು 1.0ಕ್ಕೆ ತಂದು, ಕ್ಲೋಸ್ಡ್ ಲೂಪ್ ಮತ್ತೆ ಆನ್ ಮಾಡಿ, ತಿದ್ದುಪಡಿಗೆ ಶೇ. 5-8ರ ಮಿತಿ ಹಾಕಿ.

ಪ್ರತಿ ಹಂತದ ಫೈಲನ್ನೂ ತಾರೀಖು, ಪೆಟ್ರೋಲ್, ಊರು ಬರೆದು ಬೇರೆ ಬೇರೆ ಉಳಿಸಿ. 500 ಕಿ.ಮೀ. ಓಡಿದ ಮೇಲೆ ಆಯಿಲ್ ಬದಲಿಸಿ, ವಾಲ್ವ್ ಕ್ಲಿಯರೆನ್ಸ್ ಮತ್ತೆ ನೋಡಿ, ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟು ಹೋಲಿಸಿ. ಮೂರು ತಿಳಿ ಕಂದು, ಒಂದು ಮಾತ್ರ ಬಿಳಿ ಇದ್ದರೆ ಕೋಷ್ಟಕ ತಿದ್ದಬೇಡಿ. ಆ ಸಿಲಿಂಡರ್‌ನ ಇಂಜೆಕ್ಟರನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡಿ 100 ಕಿ.ಮೀ. ಓಡಿಸಿ, ಬಿಳಿ ಬಣ್ಣ ಇಂಜೆಕ್ಟರ್ ಜೊತೆ ಹೋದರೆ ಅದನ್ನು ಕ್ಲೀನಿಂಗ್‌ಗೆ ಕಳಿಸಿ, ಅಲ್ಲೇ ಉಳಿದರೆ ಇನ್‌ಟೇಕ್ ಗ್ಯಾಸ್ಕೆಟ್ ಬಿಚ್ಚಿ.